ಮೊದಲ ಪಾಕದ ಕಹಿ

ಚಳ್ಳಕೆರೆಯ ಮಂಡಿಯಲ್ಲಿ ನನ್ನ ನಾಲಿಗೆಗೆ ಒಂದು ಮರ್ಯಾದೆ ಇದೆ. ನನಗಲ್ಲ, ನಾಲಿಗೆಗೆ. ಶೇಂಗಾ ರಾಶಿಯ ಮುಂದೆ ನಿಂತು ಒಂದು ಹಿಡಿ ಎತ್ತಿ, ಸುಲಿದು, ಬೀಜ ಬಾಯಿಗೆ ಹಾಕಿಕೊಂಡೆನೆಂದರೆ ಸುತ್ತಲಿನ ಮಾತು ನಿಲ್ಲುತ್ತದೆ. ಸಿಹಿ ಇದ್ದರೆ ನುಂಗುತ್ತೇನೆ. ಕಹಿ ಬಂತೋ, ಎಡಕ್ಕೆ ತಿರುಗಿ ಥೂ ಎಂದು ಉಗಿದು ಅಂಗೈ ಅಲ್ಲಾಡಿಸುತ್ತೇನೆ. ಮುಗಿಯಿತು. ಕಹಿ ಅಂದರೆ ಒಳಗೆಲ್ಲೋ ಬೂಷ್ಟು ಹಿಡಿದಿದೆ, ಈ ಮಾಲು ಗಾಣಕ್ಕೆ ಹೋದರೆ ಎಣ್ಣೆಯೂ ಕೆಡುತ್ತದೆ ಎಂದು ಅರ್ಥ. ನಮ್ಮಪ್ಪ ಮಗ್ಗ ಬಿಟ್ಟು ಶೇಂಗಾ ವ್ಯಾಪಾರ ಹಿಡಿದ ದಿನದಿಂದ ನಮ್ಮ ಮನೆಯಲ್ಲಿ ಕಹಿಗೆ ಬೇರೆ ಅರ್ಥವೇ ಇಲ್ಲ.

ತೊಂದರೆ ಏನೆಂದರೆ, ಮಂಡಿ ಮುಗಿಸಿ ಬರುವಾಗ ಈ ನಾಲಿಗೆಯೂ ನನ್ನ ಜೊತೆಗೇ ಮನೆಗೆ ಬಂದುಬಿಡುತ್ತದೆ. ಹಾಗಲಕಾಯಿ ಪಲ್ಯ ಬಡಿಸಿದರೆ ಎಡಕ್ಕೆ ತಿರುಗುತ್ತೇನೆ. ಜ್ವರಕ್ಕೆ ಕಷಾಯ ಕೊಟ್ಟರೆ ಎಡಕ್ಕೆ ತಿರುಗುತ್ತೇನೆ. ಯುಗಾದಿಯ ದಿನ ಬೇವು ಬೆಲ್ಲ ಹಂಚುವಾಗ ಬೆಲ್ಲವನ್ನು ಬಾಯಿಗೂ ಬೇವನ್ನು ಜೇಬಿಗೂ ಹಾಕಿಕೊಂಡು, ಅಂಗಿ ಒಗೆಯುವ ದಿನ ಸಿಕ್ಕಿಬೀಳುತ್ತೇನೆ. ನಾಲಿಗೆ ಒಳ್ಳೆಯದಾದರೆ ನಾಡೆಲ್ಲ ಒಳ್ಳೆಯದು ಅನ್ನುತ್ತಾರೆ. ನನ್ನದು ಒಳ್ಳೆಯದೇ, ಆದರೆ ಅದಕ್ಕೆ ರಜೆ ಅನ್ನುವುದು ಗೊತ್ತಿಲ್ಲ.

ಇಂಥ ನಾಲಿಗೆಯನ್ನು ಹುಡುಕಿಕೊಂಡು ಬೆಂಗಳೂರಿನಿಂದ ಒಬ್ಬಳು ಬಂದಳು ನೋಡಿ. ನನ್ನ ಹೆಂಡತಿ ಲಕ್ಷ್ಮೀದೇವಿಯ ತವರು ಮೊಳಕಾಲ್ಮೂರು. ಅವಳ ಅಣ್ಣ ಓಬಳೇಶಪ್ಪ ಅಲ್ಲಿ ರೇಷ್ಮೆ ಸೀರೆ ನೇಯುತ್ತಾರೆ, ನೇಯಿಸುತ್ತಾರೆ. ಅವರ ಒಬ್ಬಳೇ ಮಗಳು ನಾಗವೇಣಿ, ನಮಗೆಲ್ಲ ವೇಣಿ. ಅಡಿಗೆ ಪದಾರ್ಥಗಳ ವಿಜ್ಞಾನವನ್ನೇನೋ ಓದಿಕೊಂಡು, ಅಲ್ಲೇ ಕುದಿಸಿ ಅಲ್ಲೇ ಬಡಿಸುವ ಒಂದು ಬಿಯರ್ ಮನೆಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಬಡಿಸುವವಳಲ್ಲ, ಕುದಿಸುವವಳು. ಊರಿನಲ್ಲಿ ಯಾರಾದರೂ "ಮಗಳು ಏನ್ ಮಾಡ್ತಾಳ್ರಿ?" ಎಂದರೆ ಭಾವ "ಬಾರ್ಲಿ ಫ್ಯಾಕ್ಟರಿ" ಎನ್ನುತ್ತಾರೆ. ಸುಳ್ಳಲ್ಲ. ಕೇಳಿದವರು ಜ್ವರದವರಿಗೆ ಕೊಡುವ ಬಾರ್ಲಿ ನೀರು ಎಂದುಕೊಂಡು, ಪುಣ್ಯದ ಕೆಲಸ ಎಂದು ಹೊರಟುಹೋಗುತ್ತಾರೆ.

ಹಾಗಂತ ಭಾವ ಮಡಿವಂತರೆಂದು ತಿಳಿಯಬೇಡಿ. ಗಡಿ ದಾಟಿ ಆಂಧ್ರದ ಕಡೆಯ ನೆಂಟರ ಮನೆಗೆ ಹೋದರೆ ಈಚಲ ಕಳ್ಳು ಕುಡಿದು, ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು, ಭಜನೆಯಿಂದ ಬಂದವರ ಹಾಗೆ ಬರುತ್ತಾರೆ. ಕುಡಿಯುವುದಕ್ಕೆ ಅವರ ಅಡ್ಡಿಯಿಲ್ಲ. ಮಗಳು ಮಾಡುವುದಕ್ಕೆ ಅಡ್ಡಿ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಮಾತಿದೆ, ನಮ್ಮ ಭಾವನಿಗೆ ನವಿಲೇ ಹುಟ್ಟಿದ್ದರೂ ಅದರ ಬಾಯಿಂದ ಬರುವ ಕೂಗಿನ ಬಗ್ಗೆಯೇ ಚಿಂತೆ.

ವೇಣಿ ಒಂದು ಚೀಲದ ತುಂಬ ಸೀಸೆ ತಂದಿದ್ದಳು. ಈ ಬಾರಿ ಆ ಬಿಯರ್ ಮನೆಯ ಮಾಲೀಕರು, ನಿನ್ನದೇ ಅಳತೆಯಲ್ಲಿ ಒಂದು ಬಿಯರ್ ಮಾಡು, ಹೆಸರೂ ನೀನೇ ಇಡು ಅಂದಿದ್ದಾರಂತೆ. ಅವಳಿಗೆ "ಮೊಳಕಾಲ್ಮೂರು" ಎಂದು ಹೆಸರಿಡುವ ಆಸೆ. ಆದರೆ ಅಪ್ಪ ಒಂದು ಗುಟುಕು ಕುಡಿದು ಹೂಂ ಅನ್ನದೆ ಆ ಹೆಸರು ಇಡುವುದಿಲ್ಲ ಎಂಬ ಹಟ. ಅಪ್ಪ ಒಪ್ಪದಿದ್ದರೆ ಈ ಬಿಯರನ್ನೇ ಕೈಬಿಡುತ್ತೇನೆ, ಬೇರೆಯವರ ಅಳತೆಯಲ್ಲಿ ಕುದಿಸಿಕೊಂಡು ಇರುತ್ತೇನೆ ಅಂದಳು. ಹುಡುಗಿ ತಮಾಷೆ ಮಾಡುತ್ತಿರಲಿಲ್ಲ. ಅಪ್ಪನನ್ನು ಅವಳು ಕರೆಯುವುದು ಮನೆಯ ತೆಲುಗಿನಲ್ಲಿ, ನಾಯ್ನ ಎಂದು.

"ಮಾವ, ನಾಯ್ನ ನನ್ ಮಾತು ಕೇಳಲ್ಲ. ನಿಮ್ ನಾಲಿಗೆ ಮಾತು ಕೇಳ್ತಾರೆ. ನೀವು ಚೆನ್ನಾಗೈತೆ ಅಂದ್ರೆ ಸಾಕು, ಕುಡೀತಾರೆ."

ನನಗೋ ಒಳಗೊಳಗೇ ಹಿಗ್ಗು. ಬಿಯರ್ ನನಗೆ ಹೊಸದೇನಲ್ಲ, ಮದುವೆ ಮನೆಗಳ ಹಿತ್ತಲಲ್ಲಿ ಪರಿಚಯವಾದದ್ದು. ತಣ್ಣಗಿರುತ್ತದೆ, ನೀರಾಗಿರುತ್ತದೆ, ಯಾರಿಗೂ ನೋವು ಮಾಡುವುದಿಲ್ಲ. ಇದೂ ಹಾಗೇ ಎಂದುಕೊಂಡು ಸ್ಟೀಲ್ ಲೋಟ ತಂದೆ. ವೇಣಿ ತಲೆ ಅಲ್ಲಾಡಿಸಿದಳು. ಗಾಜಿನದೇ ಬೇಕಂತೆ, ಬಣ್ಣ ನೋಡಬೇಕಂತೆ. ಷೋಕೇಸಿನಲ್ಲಿ ಬೀಗರು ಕೊಟ್ಟ ಗಾಜಿನ ಲೋಟಗಳಿದ್ದವು, ಮನೆಗೆ ಬಂದಾಗಿನಿಂದ ಹೊರಗಿನ ಗಾಳಿ ಕಂಡಿರಲಿಲ್ಲ. ಅದರಲ್ಲೊಂದು ಇಳಿಯಿತು. ಸುರಿದಾಗ ಬಂದ ಬಣ್ಣ ನೋಡಿ ನನಗೆ ಖುಷಿಯೋ ಖುಷಿ. ಆಗತಾನೇ ಗಾಣದಿಂದ ಇಳಿದ, ಇನ್ನೂ ತಿಳಿಯಾಗದ ಶೇಂಗಾ ಎಣ್ಣೆಯ ಬಣ್ಣ! ಮೇಲೆ ನೊರೆ. ಮೂಗಿಗೆ ಹಿಡಿದರೆ ಚಕ್ಕೋತದ ಸಿಪ್ಪೆ, ಮಾವಿನಕಾಯಿ ತೊಟ್ಟು ಮುರಿದಾಗಿನ ಸೊನೆ, ಇನ್ನೂ ಏನೋ ಹಸುರು ಹಸುರು ಘಮ. ಆಹಾ, ಇಂಥ ಘಮಕ್ಕೆ ರುಚಿ ಹೇಗಿರಬೇಡ ಎಂದು ಬಾಯಿ ತುಂಬ ಎಳೆದುಕೊಂಡೆ.

ಆಮೇಲೆ ನಡೆದದ್ದರಲ್ಲಿ ನನ್ನ ಪಾತ್ರ ಏನೂ ಇಲ್ಲ, ಎಲ್ಲ ನಾಲಿಗೆಯದ್ದು. ಕಹಿ! ಎಂಥ ಕಹಿ ಅಂತೀರಿ, ಜೇಬಿಗೆ ಹಾಕಿಕೊಂಡ ಅಷ್ಟೂ ಯುಗಾದಿಗಳ ಬೇವು ಒಟ್ಟಿಗೆ ಬಂದು ವಸೂಲಿ ಮಾಡಿದ ಹಾಗೆ. ಎಡಕ್ಕೆ ತಿರುಗಿ ಥೂ ಎಂದು ಉಗಿದೆ. ಎಡಕ್ಕೆ ನನ್ನ ಹೆಂಡತಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಕ್ಕಿಗೆ ಅಭಿಷೇಕವಾಯಿತು. ಅಷ್ಟರಲ್ಲಿ ಅಂಗೈ ತಾನೇ ಎದ್ದು ಅಲ್ಲಾಡಿತು, ಬಾಯಿ ತಾನೇ ಹೇಳಿತು: "ಮಾಲು ಕೆಟ್ಟೈತೆ. ವಾಪಸ್ ಕಳ್ಸು."

ವೇಣಿ ಸೀಸೆಯ ಮುಚ್ಚಳವನ್ನು ಬೆರಳಲ್ಲಿ ತಿರುಗಿಸುತ್ತ ಕೂತಳು. ಇವಳು ಚಿಕ್ಕವಳಿದ್ದಾಗ ರಜೆಗೆ ಬಂದು, ನನ್ನ ಜೊತೆ ಮಂಡಿಗೆ ಬಂದು, ನನ್ನ ಹಾಗೇ ಉಗಿಯುವುದನ್ನು ಕಲಿತು ಅಮ್ಮನ ಕೈಲಿ ಪೆಟ್ಟು ತಿಂದವಳು. ಅಂಗೈ ಅಲ್ಲಾಡಿಸಿದರೆ ಏನರ್ಥ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅಯ್ಯೋ, ಎಂಥ ಕೆಲಸವಾಯಿತು ಎಂದು ನನಗೆ ನಿಜವಾಗಿ ಸಂಕಟವಾಯಿತು.

"ಕೊಡ್ರಿ ಇತ್ತ," ಎಂದು ಹೆಂಡತಿ ಮೊರ ಕೆಳಗಿಟ್ಟು ಲೋಟ ಕಿತ್ತುಕೊಂಡಳು. ಬಿಯರ್ ಎಂಬ ಪದಾರ್ಥವನ್ನು ಜನ್ಮದಲ್ಲಿ ಮುಟ್ಟಿದವಳಲ್ಲ. ಮಗುವಿನ ಮನಸ್ಸಿಗಾಗಿ ಒಂದು ಗುಟುಕು ಎಂದು ಕುಡಿದಳು. ಮಗುವಿನ ಮನಸ್ಸಿಗಾಗಿ ಇನ್ನೊಂದು. ಮೂರನೆಯದಕ್ಕೆ ಕಾರಣ ಕೊಡುವ ಗೋಜಿಗೂ ಹೋಗಲಿಲ್ಲ. "ಬೇವಿನ ಹೂವಿನ ಸಾರು ಇದ್ದಂಗೈತೆ ಕಣೇ ವೇಣಿ," ಅಂದಳು. ಅವಳ ತವರಿನ ತೆಲುಗು ಮನೆಗಳಲ್ಲಿ ಬೇವಿನ ಹೂವನ್ನು ಒಣಗಿಸಿಟ್ಟು, ತುಪ್ಪದಲ್ಲಿ ಹುರಿದು ಸಾರು ಮಾಡುತ್ತಾರೆ. ಮದುವೆಯಾದ ಹೊಸತರಲ್ಲಿ ನನಗೂ ಬಡಿಸಿದ್ದರು. ಎಡಕ್ಕೆ ಆಗ ನಮ್ಮ ಮಾವನವರು ಕೂತಿದ್ದರು, ಆ ಕಥೆ ಬೇಡ. "ನಿಮ್ ಮಾವಂಗೆ ಏನ್ ಗೊತ್ತು ಬಿಡು. ಕತ್ತೆಗೇನ್ ಗೊತ್ತು ಕಸ್ತೂರಿ ಪರಿಮಳ," ಎಂದು ನನ್ನ ಕಡೆ ನೋಡಿದಳು.

ಕತ್ತೆಗೂ ಮಾನ ಮರ್ಯಾದೆ ಇರುತ್ತದೆ. ಇನ್ನೊಮ್ಮೆ ಸುರಿ ಅಂದೆ. ಈ ಸಲ ಎಡಗೆನ್ನೆಗೆ ಕೈ ಒತ್ತಿಕೊಂಡು, ತಿರುಗದ ಹಾಗೆ ನೋಡಿಕೊಂಡು, ನಿಧಾನಕ್ಕೆ ನುಂಗಿದೆ. ಮೊದಲು ಒಂದಿಷ್ಟು ಸಿಹಿ, ಮೊಳಕೆ ಕಟ್ಟಿ ಹುರಿದ ರಾಗಿ ಹಿಟ್ಟಿನಂಥದು. ಆಮೇಲೆ ಚಕ್ಕೋತ. ಅದರ ಹಿಂದೆಯೇ ಆ ಮಹಾರಾಯ ಬಂದ. ಆದರೆ ಕೆಟ್ಟ ಶೇಂಗಾದ ಕಹಿ ಗಂಟಲಲ್ಲಿ ಕಮಟಾಗಿ ಅಂಟಿಕೊಂಡು ಕೂರುತ್ತದೆ, ಎದ್ದು ಹೋಗು ಅಂದರೂ ಹೋಗುವುದಿಲ್ಲ. ಇದು ಬಂದು, ಇದ್ದು, ಬಾಯನ್ನೆಲ್ಲ ಗುಡಿಸಿ ಒರೆಸಿ ಹೊರಟುಹೋಯಿತು. ಹೋದ ಮೇಲೆ ಯಾಕಪ್ಪಾ ಹೋಯಿತು ಅನಿಸಿತು. ಹೀಗೆ ಅನಿಸಿದ್ದೇ ತಪ್ಪಾಯಿತು. ಆ ಸಂಜೆ ಒಂದು ಸೀಸೆ ತಳ ಕಂಡಿತು, ನಮ್ಮ ಮನೆಯಾಕೆ ಮೆಣಸಿನಕಾಯಿ ಬೋಂಡ ಕರಿದಳು, ವೇಣಿ ನಗಲು ಶುರು ಮಾಡಿದಳು.

ಇದರ ಹೆಸರು ಇಂಡಿಯಾ ಪೇಲ್ ಏಲ್ ಅಂತೆ. ಇದರಲ್ಲಿ ಇಂಡಿಯಾ ಎಲ್ಲಿದೆ ಎಂದು ಕೇಳಿದೆ. ಕಹಿ ಕೊಡುವ ಹಾಪ್ಸ್ ಎಂಬ ಹೂವು ಇಂಡಿಯಾದ್ದಲ್ಲ, ಚಳಿ ದೇಶದ ಬಳ್ಳಿಯದು. ಬಾರ್ಲಿ ನಮ್ಮ ಕಡೆಯ ಬೆಳೆಯಲ್ಲ. ಹಿಂದೆ ಬಿಳಿಯರ ದಂಡು ನಮ್ಮ ದೇಶದಲ್ಲಿ ಬೀಡುಬಿಟ್ಟಿದ್ದಾಗ ಅವರಿಗಾಗಿ ಹಡಗಿನಲ್ಲಿ ಬಿಯರ್ ಬರುತ್ತಿತ್ತಂತೆ. ಆಫ್ರಿಕಾ ಸುತ್ತಿ ಬರುವ ತಿಂಗಳುಗಟ್ಟಲೆ ದಾರಿ. ಬಿಸಿಲಿಗೆ ಕೆಡಬಾರದೆಂದು ಕಹಿ ಹೂವನ್ನು ಕೈತುಂಬ ಹಾಕುತ್ತಿದ್ದರಂತೆ. "ಅದ್ರಲ್ಲಿ ಅರ್ಧ ಕಥೆ, ಅರ್ಧ ನಿಜ ಮಾವ," ಎಂದು ವೇಣಿ ಎಚ್ಚರಿಸಿದಳು. ಅರ್ಧ ನಿಜವಾದರೂ ನನಗೆ ಸಾಕು. ನೋಡಿ, ಕಹಿ ಅಂದರೆ ಮಾಲು ಕೆಟ್ಟಿದೆ ಎಂದು ಜನ್ಮವಿಡೀ ನಂಬಿದವನು ನಾನು. ಇಲ್ಲಿ ನೋಡಿದರೆ ಮಾಲು ಕೆಡದಿರಲಿ ಎಂದೇ ಕಹಿ ಹಾಕಿದ್ದಾರೆ. ದಂಡು ಇದ್ದ ಬಳ್ಳಾರಿ ನಮಗೇನು ದೂರವೇ? ಆ ಪೀಪಾಯಿಗಳಲ್ಲಿ ಒಂದಾದರೂ ರಾಂಪುರದ ದಾರಿಯಲ್ಲಿ ಎತ್ತಿನ ಗಾಡಿಯಿಂದ ಉರುಳಿ, ಯಾರೋ ಒಬ್ಬ ಪುಣ್ಯಾತ್ಮ ಬೊಗಸೆಯಲ್ಲಿ ಹಿಡಿದು ಕುಡಿದು, ಎಡಕ್ಕೆ ತಿರುಗಿ ಉಗಿದಿರಬಹುದು. ಅವನು ನಮ್ಮ ಮನೆತನದವನೇ ಆಗಿರಬೇಕು.

ಮಾರನೆಯ ದಿನ ಮೂವರೂ ಮೊಳಕಾಲ್ಮೂರಿಗೆ ಹೊರಟೆವು. ಉಳಿದ ಸೀಸೆಗಳನ್ನು ಒದ್ದೆ ಟವೆಲಿನಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು, ಮೇಲೆ ಭಾವನ ಮನೆಯಿಂದ ಕಡ ತಂದಿದ್ದ ಸೀರೆ ಹೊದಿಸಿ, ನನ್ನ ತೊಡೆಯ ಮೇಲಿಟ್ಟುಕೊಂಡೆ. ಆಫ್ರಿಕಾ ಸುತ್ತಿ ಬಂದ ಬಿಯರಿನ ಕಷ್ಟ ಏನೋ ಎಂತೋ, ನಮ್ಮ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಬಂದ ಬಿಯರಿಗೆ ಆ ಸಮುದ್ರ ಯಾವ ಲೆಕ್ಕ. ದೂರದಲ್ಲಿ ಗುಡ್ಡಗಳು ಕಂಡಾಗ ನನಗೊಂದು ಯೋಚನೆ ಬಂತು. ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ ಹಳೆಯ ಕಾಲದ ಚಕ್ರವರ್ತಿಯೊಬ್ಬ ಬಂಡೆಯ ಮೇಲೆ ಬುದ್ಧಿವಾದ ಕೆತ್ತಿಸಿದ್ದಾನೆ. ತಂದೆ ತಾಯಿಯ ಮಾತು ಕೇಳಿ, ನಿಜ ಹೇಳಿ ಎಂದೆಲ್ಲ ಇದೆ ಅನ್ನುತ್ತಾರೆ. ತಂದೆ ಒಂದು ಹೇಳಿ, ನಿಜ ಇನ್ನೊಂದಿದ್ದರೆ ಏನು ಮಾಡಬೇಕು ಎಂದು ಮಾತ್ರ ಚಕ್ರವರ್ತಿ ಕೆತ್ತಿಸಲಿಲ್ಲ. ಬಂಡೆಯಲ್ಲಿ ಜಾಗ ಸಾಲದೆ ಹೋಯಿತೇನೋ.

ಭಾವನ ಮನೆಯ ಒಂದು ಪದ್ಧತಿಯನ್ನು ನಿಮಗೆ ಹೇಳಲೇಬೇಕು. ಹೊಸ ಡಿಸೈನು ಹಾಕಿ ನೇಯ್ದ ಮೊದಲ ಸೀರೆಯನ್ನು ಅವರು ಮಾರುವುದಿಲ್ಲ. ನಡುಮನೆಯಲ್ಲಿ ಅಜ್ಜನ ಕಾಲದ ಒಂದು ಮರದ ಪೆಟ್ಟಿಗೆ ಇದೆ. ನೇಯ್ದವರು ಸೀರೆ ತಂದು ಮಂಚದ ಮೇಲೆ ಹರವುತ್ತಾರೆ. ಭಾವ ನೋಡುತ್ತಾರೆ, ಮುಟ್ಟುತ್ತಾರೆ, ತಿರುವಿ ಹಿಂಬದಿ ನೋಡುತ್ತಾರೆ. ಚೆನ್ನಾಗಿದೆ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ಕೇಳಿದವರು ಮೊಳಕಾಲ್ಮೂರಿನಲ್ಲಿ ಇಲ್ಲ. ಹಿಡಿಸಿದರೆ ಮಡಿಸಿ ಪೆಟ್ಟಿಗೆಗೆ ಹಾಕುತ್ತಾರೆ. ಮಂಚದ ಮೇಲೇ ಬಿಟ್ಟು ಎದ್ದು ಹೋದರೆ ಆ ಡಿಸೈನು ಅಲ್ಲಿಗೆ ಮುಗಿಯಿತು. ಪೆಟ್ಟಿಗೆಯ ಸೀರೆಗಳು ಮನೆಯ ಹೆಣ್ಣುಮಕ್ಕಳು ಮದುವೆ ಮುಂಜಿಗೆ ಉಟ್ಟು ತಂದಿಡಲು. ಹಾಗೆ ಉಟ್ಟವಳು ನಮ್ಮ ಮನೆಯಾಕೆಯೆಂದು ಕಣ್ಣು ಮುಚ್ಚಿ ಹೇಳಬಹುದು, ಹುಳ ಹಿಡಿಯದಿರಲೆಂದು ಪೆಟ್ಟಿಗೆಗೆ ಹಾಕಿದ ನುಸಿಗುಳಿಗೆಯದು ಅಷ್ಟು ವಾಸನೆ.

ಭಾವ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತಿದ್ದರು. ಅತ್ತಿಗೆ ನೀರು ಕೊಟ್ಟು, ಬುಟ್ಟಿಯೊಳಗಿನ ಸದ್ದು ಕೇಳಿಸಿಕೊಂಡು, ನನಗೇನೂ ಗೊತ್ತಿಲ್ಲಪ್ಪ ಎಂಬಂತೆ ಒಳಗೆ ಹೋದರು. ನಾನು ಗಂಟಲು ಸರಿಮಾಡಿಕೊಂಡು, ಮಂಡಿಯ ಗತ್ತಿನಲ್ಲಿ ಶುರು ಮಾಡಿದೆ.

"ಭಾವ, ವೇಣಿ ಮಾಡಿರೋದು ನಾನು ರುಚಿ ನೋಡೀನಿ. ಮಾಲು ಚೆನ್ನಾಗೈತೆ."

"ಉಗುಳಿದ್ರಂತೆ?" ಎಂದರು ಭಾವ, ಲಾಳಿಯಿಂದ ಕಣ್ಣು ತೆಗೆಯದೆ.

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಸೂರು ನೋಡುತ್ತಿದ್ದಳು. ಬೆಳಿಗ್ಗೆ ಅಣ್ಣನಿಗೆ ಫೋನ್ ಮಾಡಿದ್ದಳಲ್ಲ, ಅಕ್ಕಿ ಹಾಳಾದ ದುಃಖವನ್ನು ತವರಿಗೆ ತಿಳಿಸದೆ ಇರಲಾಗಿರಲಿಲ್ಲ. ಸಾಕ್ಷಿ ಬಾಯಿ ಬಿಡುವ ಮೊದಲೇ ಕೇಸು ಬಿದ್ದುಹೋಗಿತ್ತು.

"ಉಗುಳಿದ್ದು ಮಂಡಿ ಕಣ್ರಿ ಭಾವ. ಆಮೇಲೆ ಕುಡಿದಿದ್ದು ನಾನು," ಎಂದೆ. ಭಾವ ನಗಲಿಲ್ಲ. ಮಗ್ಗ ನಿಲ್ಲಿಸಿ ಮಗಳ ಕಡೆ ತಿರುಗಿದರು.

"ಈ ಊರ ಹೆಸ್ರು ಇರೋದು ಸೀರೆ ಮ್ಯಾಲೆ. ಹೆಣ್ಮಕ್ಳು ಧಾರೆಗೆ ಉಡ್ತಾರೆ. ಅದನ್ನ ತಗಂಡೋಗಿ ಸೀಸೆಗೆ ಅಂಟಿಸ್ತೀಯೇನವ್ವ ನೀನು?"

ವೇಣಿ ತಲೆ ತಗ್ಗಿಸಿ ನಿಂತಳು. ನಾನು ಬುಟ್ಟಿಯನ್ನು ತಿರುಗಿ ಚಳ್ಳಕೆರೆಗೆ ಹೊರಬೇಕಾಯಿತಲ್ಲ ಎಂದು ಲೆಕ್ಕ ಹಾಕುತ್ತಿದ್ದೆ. ಭಾವ, ಕೇಳಲೋ ಬೇಡವೋ ಎಂಬಂತೆ ಕೇಳಿದರು.

"ಬೆಂಗಳೂರಾಗೆ ಇದನ್ನ ಎಷ್ಟು ಜನ ಕುಡಿದವ್ರೆ?"

"ಯಾರೂ ಇಲ್ಲ ನಾಯ್ನಾ. ಇದು ಮೊದಲ್ನೇ ಪಾಕ." ವೇಣಿಗೆ ಇದನ್ನು ಯಾಕೆ ಕೇಳುತ್ತಾರೆ ಎಂದೇ ಅರ್ಥವಾದಂತಿರಲಿಲ್ಲ. "ಮೊದಲ್ನೇದು ಮಾರಂಗಿಲ್ಲಲ್ಲ. ಅದಕ್ಕೆ ಮನೆಗೆ ತಂದೆ."

ಭಾವ ಗುಂಡಿಯಿಂದ ಕಾಲು ತೆಗೆದು ಎದ್ದರು. ಕೈ ತೊಳೆದು ಬಂದು, ಪಂಚೆಗೆ ಒರೆಸಿಕೊಂಡು, ಮಂಚದ ಮೇಲೆ ಕೂತರು. "ಹಾಕು," ಎಂದರು.

ಅವರು ಕುಡಿದದ್ದನ್ನು ನಾನು ಮರೆಯುವುದಿಲ್ಲ. ಲೋಟವನ್ನು ಬೆಳಕಿಗೆ ಹಿಡಿದರು, ಮೂಸಿದರು, ಕುಡಿದರು. ಮುಖ ಹಿಂಡಿದ ನಿಂಬೆಹಣ್ಣಾಯಿತು. ನಾನು ಅವರ ಎಡಗಡೆಯಿಂದ ಮೆಲ್ಲಗೆ ಸರಿದೆ. ಅವರು ಉಗುಳಲಿಲ್ಲ. ಕಣ್ಣು ಮುಚ್ಚಿಕೊಂಡು ಇಡೀ ಲೋಟ ಮುಗಿಸಿದರು. "ಚೇದು," ಎಂದರು. ತೆಲುಗಿನಲ್ಲಿ ಕಹಿಗೆ ಇರುವ ಹೆಸರು ಅದು. ಅಷ್ಟೇ ಹೇಳಿ, ಅರ್ಧ ಉಳಿದ ಸೀಸೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹಿತ್ತಲಿಗೆ ಹೋದರು. ಹಿತ್ತಲ ನಲ್ಲಿಯಲ್ಲಿ ನೀರು ಬಿಟ್ಟ ಸದ್ದು ಕೇಳಿತು. ಚರಂಡಿಗೆ ಚೆಲ್ಲಿದರು ಎಂದುಕೊಂಡೆ. ವೇಣಿಯೂ ಹಾಗೇ ಅಂದುಕೊಂಡಳು, ಅವಳ ಮುಖ ನೋಡಲಾಗಲಿಲ್ಲ. ಭಾವ ಬರಿಗೈಯಲ್ಲಿ ಬಂದವರು ಮತ್ತೆ ಮಗ್ಗಕ್ಕೆ ಕೂತರು, ಲಾಳಿ ಓಡತೊಡಗಿತು. ಅತ್ತಿಗೆ ಊಟಕ್ಕೆ ಕರೆದರು, ಭಾವ ಮಾತ್ರ ಎಲ್ಲರಿಗಿಂತ ತಡವಾಗಿ ಬಂದು ಕೂತರು. ಯಾರಿಗೂ ಊಟ ಸೇರಲಿಲ್ಲ, ನಾನು ಮಾತ್ರ ಎರಡು ಮುದ್ದೆ ಉಂಡೆ, ಅದು ಬೇರೆ ವಿಷಯ.

ಸಂಜೆ ಹೊರಡುವಾಗ ನಮ್ಮ ಮನೆಯಾಕೆ ಬುಟ್ಟಿಯ ಮೇಲೆ ಹೊದಿಸಿದ್ದ ಸೀರೆ ಮಡಿಸಿ ಅಣ್ಣನಿಗೆ ಕೊಟ್ಟಳು. ಭಾವ ಯಾಕೋ ಆಮೇಲೆ ಇಡ್ತೀನಿ ಅಂದರು. ತಂದವಳೇ ಇಟ್ಟು ಹೋಗಬೇಕಲ್ಲವೇ ಎಂದು ಇವಳು ಹೋಗಿ ಪೆಟ್ಟಿಗೆಯ ಮುಚ್ಚಳ ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ನಾವೂ ಹೋಗಿ ಬಗ್ಗಿ ನೋಡಿದೆವು. ಮಡಿಸಿಟ್ಟ ರೇಷ್ಮೆಗಳ ನಡುವೆ, ಮೂಲೆಗೆ ಒರಗಿಸಿ, ಬಾಯಿಗೆ ಹತ್ತಿ ತುರುಕಿ, ಬೀಳದ ಹಾಗೆ ಸುತ್ತ ಬಟ್ಟೆ ಒತ್ತಿ, ಆ ಸೀಸೆಯನ್ನು ನಿಲ್ಲಿಸಿದ್ದರು.

"ತೊಳ್ದಿಟ್ಟೀನಿ," ಎಂದರು ಭಾವ ಹಿಂದಿನಿಂದ, ಕಳ್ಳತನದಲ್ಲಿ ಸಿಕ್ಕವರ ಹಾಗೆ. ಆಮೇಲೆ ದನಿ ಗಟ್ಟಿ ಮಾಡಿಕೊಂಡು ಮಗಳಿಗೆ, "ಊರ ಹೆಸ್ರು ಇಡ್ತೀಯ ಅಂದ್ರೆ ತಿಳ್ಕೋ. ನಾಳೆ ಮಾಲು ಕಡಿಮೆ ಮಾಡಿದ್ರೆ ಊರಿಗೇ ಕೆಟ್ಟ ಹೆಸ್ರು," ಎಂದರು. ವೇಣಿ ಅತ್ತೆಯ ಭುಜದಲ್ಲಿ ಮುಖ ಮುಚ್ಚಿಕೊಂಡಳು. ಬಸ್ಸು ಬಂತೇನೋ ನೋಡುತ್ತೇನೆ ಎಂದು ನಾನು ಹೊರಗೆ ಬಂದು ಕಣ್ಣೊರೆಸಿಕೊಂಡೆ. ಆ ಮನೆಯಿಂದ ಬಸ್ ಸ್ಟ್ಯಾಂಡ್ ಕಾಣುವುದಿಲ್ಲ.

ಮೊನ್ನೆ ಚಳ್ಳಕೆರೆಯಲ್ಲಿ ನೆಂಟರ ಮದುವೆ. ನಮ್ಮ ಮನೆಯಾಕೆ ಪದ್ಧತಿಯಂತೆ ಅದೇ ಪೆಟ್ಟಿಗೆಯಿಂದ ತಂದ ಸೀರೆ ಉಟ್ಟಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಸೆರಗು ಮೂಸಿದರು. ನುಸಿಗುಳಿಗೆ ಎಲ್ಲಿ ಹೋಯಿತು, ಇದ್ಯಾವ ಅತ್ತರು, ಚಕ್ಕೋತದ್ದೋ ಮಾವಿನದ್ದೋ, ಎಲ್ಲಿ ಸಿಗುತ್ತದೆ ಎಂದು ಕೇಳಿದರು. "ನಮ್ಮಣ್ಣನ ಮಗಳು ಮಾಡಿದ್ದು. ಮೊಳಕಾಲ್ಮೂರು ಅಂತ ಹೆಸ್ರು," ಎಂದು ಇವಳು ತಲೆ ಎತ್ತಿಕೊಂಡು ಹೇಳಿದಳು. ಅತ್ತರೋ ಅಲ್ಲವೋ ಎಂದು ಬಿಡಿಸಿ ಹೇಳುವ ತೊಂದರೆ ತೆಗೆದುಕೊಳ್ಳಲಿಲ್ಲ.

ಪಕ್ಕದಲ್ಲಿ ಕೂತಿದ್ದ ಭಾವನ ಕಿವಿಗೂ ಅದು ಬಿತ್ತು. ಅವರು ನನ್ನ ಕಡೆ ಬಾಗಿ, "ಅವತ್ತು ಸೀಸೆ ಸರಿಯಾಗಿ ತೊಳೀಲಿಲ್ಲ ಅನ್ಸುತ್ತೆ, ತಳದಾಗೆ ಒಂದ್ ಗುಟುಕು ಉಳೀತೇನೋ," ಎಂದರು. ನಾನು ಹೌದೇನೋ ಎಂದು ತಲೆಯಾಡಿಸಿದೆ. ಬಣ್ಣಕ್ಕೆ ಅದ್ದಿದ ರೇಷ್ಮೆಯನ್ನು ನೀರು ತಿಳಿಯಾಗುವ ತನಕ ಜಾಲಿಸಿ ಜಾಲಿಸಿ, ಕೆಲಸದವರು ಸಾಕು ಅಂದರೂ ಇನ್ನೊಂದು ನೀರು ಎನ್ನುವ ಮನುಷ್ಯ ಇವರು. ಇವರಿಗೆ ಒಂದು ಸೀಸೆ ತೊಳೆಯಲು ಬರಲಿಲ್ಲ ಅಂದರೆ ನೀವು ನಂಬುತ್ತೀರಾ?